ಮನೆ ಕಟ್ಟಿಗೆಗೂ ಬೀಜೋಪಚಾರ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ದಿವಸ ಸಂಘದ ಇತಿಹಾಸ ಹೇಳುವವರು ನನಗಿಂತ ಹಿರಿಯರು ಇದ್ದಾರೆ. ನಮ್ಮ ಗದಗ ಸೀಮೆಗೆ ಸಹಕಾರದ ಮಾತು ಹೊಸದಲ್ಲ. ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಇಲ್ಲಿ ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಅದನ್ನು ನೀವೆಲ್ಲ ಬಲ್ಲಿರಿ. ಅಧ್ಯಕ್ಷರು ನನಗೆ, "ನೀವು ಒಂದು ಉಪಯೋಗಕ್ಕೆ ಬರೋ ವಿಷಯ ಮಾತಾಡ್ರಿ" ಅಂದರು. ನಾನು ಎಸ್.ಎಸ್.ಎಲ್.ಸಿ. ಮಟ ಓದಿ ಒಕ್ಕಲುತನಕ್ಕೆ ನಿಂತವನು. ದೊಡ್ಡ ವಿಷಯ ನನಗೆ ಬರುವುದಿಲ್ಲ. ಮನೆ ಕಟ್ಟುವಾಗ ಹಾಕುವ ಕಟ್ಟಿಗೆ, ಅದಕ್ಕೆ ತಿನ್ನುವ ಗೆದ್ದಲಿ, ಅದಕ್ಕೆ ಮಾಡುವ ಉಪಚಾರ, ಇಷ್ಟೇ ನನ್ನ ಮಾತು.

ಈ ವಿಷಯ ಸಂಘದ ಸಭೆಗೆ ಯಾಕೆ ಬೇಕು ಅಂತ ಕೆಲವರು ಕೇಳಬಹುದು. ಸಾಲದ ಅರ್ಜಿ ನೋಡುವಾಗ ನನಗೆ ಕಂಡದ್ದು ಹೇಳುತ್ತೇನೆ. ಮನೆ ಕಟ್ಟಲು, ರಿಪೇರಿಗೆ ಅಂತ ಸಾಲ ಒಯ್ದವರು ಇನ್ನೂ ಕಂತು ತುಂಬುತ್ತಿರುತ್ತಾರೆ, ಅಷ್ಟರಲ್ಲಿ ಬಾಗಿಲ ಚೌಕಟ್ಟಿನ ಬುಡ ಟೊಳ್ಳಾಗಿರುತ್ತದೆ. ಮೇಲೆ ಬಣ್ಣ ಗಟ್ಟಿ ಇರುತ್ತದೆ, ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಒಳಗೆ ಹೋಗುತ್ತದೆ. ಮತ್ತೆ ಗೌಂಡಿ ಕರೆಸು, ಗ್ವಾಡಿ ಒಡೆಸು, ಹೊಸ ಚೌಕಟ್ಟು ಕೂಡಿಸು. ಒಂದೇ ಬಾಗಿಲಿಗೆ ಎರಡು ಸಾಲ. ವಾಸ್ತುಶಾಂತಿಗೆ ಕರೆದ ಬೀಗರು ಎರಡನೇ ಸಲ ಬರುವುದಿಲ್ಲ, ಖರ್ಚು ಮಾತ್ರ ಎರಡನೇ ಸಲ ಬರುತ್ತದೆ.

ನಮ್ಮ ಹಿರಿಯರ ಮಾಳಿಗೆ ಮನೆಗಳನ್ನು ನೋಡಿರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹಳೇ ವಾಡೆಗಳಲ್ಲಿ ಕಂಬ, ಬೋದಿಗೆ, ತೊಲೆ, ಜಂತಿ ಇನ್ನೂ ಗಟ್ಟಿಯಾಗಿ ನಿಂತಿವೆ. "ಆಗಿನ ಕಟ್ಟಿಗಿ ಬ್ಯಾರೆ ಇತ್ತು ಬಿಡ್ರಿ" ಅಂತ ನಾವು ಸುಮ್ಮನಾಗುತ್ತೇವೆ. ಬೇರೆ ಇದ್ದದ್ದು ಕಟ್ಟಿಗೆ ಒಂದೇ ಅಲ್ಲ. ಪಡಸಾಲೆಯ ಕಂಬದ ಬುಡಕ್ಕೆ ಕಲ್ಲು ಇರುತ್ತಿತ್ತು, ಕಟ್ಟಿಗೆ ನೆಲದ ಮಣ್ಣಿಗೆ ತಾಗುತ್ತಿರಲಿಲ್ಲ. ಗೆದ್ದಲಿ ಮೇಲೇರಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಏರಬೇಕು. ಕಸ ಹೊಡೆಯುವ ಹೆಣ್ಣುಮಕ್ಕಳ ಕಣ್ಣಿಗೆ ಅದು ಬಿದ್ದೇ ಬೀಳುತ್ತಿತ್ತು. ಕಡಿದ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ, ಹಳ್ಳದಲ್ಲಿ ಮುಳುಗಿಸಿ ಇಡುತ್ತಿದ್ದರು. ಅದರಿಂದ ಕಟ್ಟಿಗೆಯೊಳಗಿನ ಹಿಟ್ಟು, ಸಕ್ಕರೆಯ ಅಂಶ ತೊಳೆದು ಹೋಗಿ ನುಸಿ ಹುಳಕ್ಕೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಆಮೇಲೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಹಳೇ ಮರದ ಒಳಗಿನ ಕರಿ ಚೇಗನ್ನೇ ಕೊರೆಸುತ್ತಿದ್ದರು, ಸುತ್ತಲಿನ ಬಿಳಿ ಭಾಗ ಒಲೆಗೆ ಹೋಗುತ್ತಿತ್ತು.

ಈಗ ಆ ಮರ ಎಲ್ಲಿ ಐತಿ? ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಗಿದೆ, ಅಲ್ಲಿಂದ ಒಂದು ಕಡ್ಡಿ ತರುವ ಹಾಗಿಲ್ಲ, ತರಲೂಬಾರದು. ದಾಂಡೇಲಿ ಸಾಗವಾನಿಯ ದರ ಕೇಳಿದರೆ ನಮ್ಮಂಥವರು ಅಡ್ಡೆಯಿಂದ ಹಿಂದಕ್ಕೆ ಬರಬೇಕು. ಬದುವಿನ ಮೇಲೆ ಹಚ್ಚಿದ ಹದಿನೈದು ಇಪ್ಪತ್ತು ವರ್ಷದ ಸಾಗವಾನಿ, ಬೇವು, ಜಾಲಿ, ನೀಲಗಿರಿ, ಇಲ್ಲವೆ ಬಂದರಿನಿಂದ ಬಂದ ಪರದೇಶದ ಪೈನ್, ಇಷ್ಟರಲ್ಲೇ ನಮ್ಮ ಮನೆ ಆಗಬೇಕು. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಸಾಗವಾನಿ ಅಂದಮೇಲೆ ಗೆದ್ದಲಿ ಮುಟ್ಟೋದಿಲ್ಲ ಅನ್ನುವುದು ಚೇಗಿಗೆ ಮಾತ್ರ ಅನ್ವಯಿಸುವ ಮಾತು. ಎಳೆಯ ಮರದಲ್ಲಿ ಬಿಳಿ ಭಾಗವೇ ಹೆಚ್ಚು. ಆ ಬಿಳಿ ಭಾಗ ಸಾಗವಾನಿಯದಾದರೂ ಒಂದೇ, ಪೈನಿನದಾದರೂ ಒಂದೇ, ಗೆದ್ದಲಿಗೆ ಎರಡೂ ಊಟವೇ.

ಅದಕ್ಕೆ ನಾವು ಮಾಡುವ ಉಪಾಯ ಏನು? ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುತ್ತೇವೆ. ಡಾಂಬರು ಬಳಿಯುತ್ತೇವೆ. ಹಿಂದೆ ಗಮ್ಯಾಕ್ಸಿನ್ ಪುಡಿ ಉಗ್ಗುತ್ತಿದ್ದೆವು, ಆ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ಈಗ ಅಂಗಡಿಯಲ್ಲಿ ಡಬ್ಬಿ ಔಷಧ ತಂದು ಬ್ರಷ್ ಹೊಡೆಯುತ್ತೇವೆ. ಬ್ರಷ್ಷಿನಿಂದ ಹಚ್ಚಿದ್ದು ಕಟ್ಟಿಗೆಯ ಚರ್ಮ ದಾಟಿ ಒಳಗೆ ಹೋಗುವುದು ಬಹಳ ಕಡಿಮೆ. ಬಿಸಿಲಿಗೆ ಕಟ್ಟಿಗೆ ಒಂದು ಎಳೆ ಸೀಳಿತು, ಬಡಿಗೇರ ಮೊಳೆ ಹೊಡೆಯಲು ತೂತು ಕೊರೆದ, ಅಷ್ಟು ಬಾಗಿಲು ತೆರೆದರೆ ಗೆದ್ದಲಿಗೆ ಸಾಕು. ಒಳಗಿಂದ ತಿಂದು ಮೇಲಿನ ಔಷಧದ ಪದರ ಮಾತ್ರ ಉಳಿಸುತ್ತದೆ. ನಮ್ಮ ಮಸಾರಿ ನೆಲದ ಊರುಗಳಲ್ಲಿ ಇದನ್ನು ನೋಡದವರು ಯಾರೂ ಇಲ್ಲ. ಬೆಟಗೇರಿ ನೇಕಾರರ ಕುಣಿ ಮಗ್ಗದ ಗೂಟಗಳಂತೂ ತಂಪು ನೆಲದಲ್ಲೇ ಹೂತಿರುತ್ತವೆ, ಅವರ ಕಷ್ಟ ಅವರಿಗೇ ಗೊತ್ತು.

ನಾವು ಒಕ್ಕಲಿಗರಿಗೆ ಇದು ತಿಳಿಯದ ವಿಷಯವಲ್ಲ. ಬಿತ್ತುವ ಮೊದಲು ಬೀಜೋಪಚಾರ ಮಾಡುತ್ತೇವೆ. ರೋಗ ಬಂದಮೇಲೆ ಸಿಂಪಡಿಸುವುದು ಬೇರೆ, ಬೀಜಕ್ಕೇ ಔಷಧ ಹಿಡಿಸಿ ಬಿತ್ತುವುದು ಬೇರೆ. ಕಟ್ಟಿಗೆಗೂ ಅಂಥ ಉಪಚಾರ ಇದೆ. ಅಡ್ಡೆಯವರು 'ಟ್ರೀಟೆಡ್ ವುಡ್' ಅನ್ನುತ್ತಾರೆ. ಅದರಲ್ಲಿ ನಿಜವಾದದ್ದು ಒತ್ತಡ ಹಾಕಿ ಔಷಧ ತುಂಬಿದ್ದು.

ಅದನ್ನು ಹೇಗೆ ಮಾಡುತ್ತಾರೆ? ಒಂದು ದೊಡ್ಡ ಕಬ್ಬಿಣದ ಸಿಲಿಂಡರ್, ಮಲಗಿಸಿದ ನೀರಿನ ಟ್ಯಾಂಕರ್ ಅಂತ ತಿಳಿಯಿರಿ. ಒಣಗಿದ ಕಟ್ಟಿಗೆಯನ್ನು ಗಾಡಿಯ ಮೇಲೆ ಹೇರಿ ಒಳಗೆ ನೂಕಿ ಬಾಗಿಲು ಬಿಗಿಯುತ್ತಾರೆ. ಮೊದಲು ಪಂಪು ಹಚ್ಚಿ ಒಳಗಿನ ಗಾಳಿ ಎಳೆಯುತ್ತಾರೆ. ಸಿಲಿಂಡರಿನ ಗಾಳಿಯ ಜೊತೆ ಕಟ್ಟಿಗೆಯ ಸಣ್ಣ ಸಣ್ಣ ನಳಿಕೆಗಳ ಗಾಳಿಯೂ ಹೊರಗೆ ಬರುತ್ತದೆ. ಆ ಖಾಲಿ ಜಾಗಕ್ಕೆ ಔಷಧದ ನೀರು ಬಿಟ್ಟು, ಮೇಲಿಂದ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಒತ್ತಡ ಹಾಕುತ್ತಾರೆ. ಲಾರಿ ಗಾಲಿಗೆ ತುಂಬುವ ಗಾಳಿಗಿಂತ ಇದು ಹೆಚ್ಚು. ಕಟ್ಟಿಗೆ ಇನ್ನು ಕುಡಿಯುವುದಿಲ್ಲ ಅನ್ನುವ ತನಕ ಒತ್ತಡ ಇಟ್ಟು, ಆಮೇಲೆ ಉಳಿದ ಔಷಧ ಹಿಂದಕ್ಕೆ ತೆಗೆದು, ಮತ್ತೊಮ್ಮೆ ಗಾಳಿ ಎಳೆದು ಮೇಲಿನ ಪಸೆ ಬಸಿಯುತ್ತಾರೆ.

ಈ ಪದ್ಧತಿಗೆ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬವರು 1838ರಲ್ಲಿ ಪೇಟೆಂಟ್ ಪಡೆದರು. ಆಗ ತುಂಬುತ್ತಿದ್ದದ್ದು ಕ್ರಿಯೋಸೋಟ್ ಎಂಬ ಕಲ್ಲಿದ್ದಲ ಡಾಂಬರಿನ ಎಣ್ಣೆ, ಮುಖ್ಯ ಉಪಯೋಗ ರೈಲ್ವೆ ಸ್ಲೀಪರಿಗೆ. ನಮ್ಮ ಗದಗಿಗೆ 1884ರಲ್ಲಿ ರೈಲು ಬಂತು. ಹಳಿಯ ಕೆಳಗೆ ಕರಗೆ ಮಿಂಚುತ್ತಿದ್ದ, ಬಿಸಿಲಿಗೆ ವಾಸನೆ ಹೊಡೆಯುತ್ತಿದ್ದ ಕಟ್ಟಿಗೆಯ ಸ್ಲೀಪರ್‌ಗಳು ನನ್ನ ವಯಸ್ಸಿನವರಿಗೆ ನೆನಪಿರಬೇಕು.

ಇನ್ನೊಂದು ಔಷಧ ನಮ್ಮ ದೇಶದ್ದೇ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಕೂಡಿಸಿ ಒಂದು ಔಷಧ ಕಂಡುಹಿಡಿದರು. ಅದಕ್ಕೆ ಆಸ್ಕೂ ಅಂತ ಹೆಸರು, ಈಗ ಸಿ.ಸಿ.ಎ. ಅನ್ನುತ್ತಾರೆ. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಅಂದರೆ ಪಾಷಾಣ, ಅದು ಗೆದ್ದಲಿಗೆ. ಕ್ರೋಮಿಯಂ ಈ ಎರಡನ್ನೂ ಕಟ್ಟಿಗೆಯ ನಾರಿಗೆ ಕಚ್ಚಿ ಹಿಡಿಸುತ್ತದೆ, ಮಳೆಗೆ ತೊಳೆದು ಹೋಗದ ಹಾಗೆ. ಅಮೆರಿಕದಂಥ ದೇಶದಲ್ಲಿ ಮನೆ, ಬೇಲಿ, ತಂತಿ ಕಂಬ ಎಲ್ಲಕ್ಕೂ ಹಲವು ದಶಕ ಇದೇ ನಡೆಯಿತು. ನಮ್ಮವರೊಬ್ಬರು ಕಂಡುಹಿಡಿದದ್ದು ಅಲ್ಲಿ ಮನೆಮನೆಗೆ ಹೋಯಿತು, ನಮ್ಮ ಹಳ್ಳಿಗೆ ಅದರ ಹೆಸರೂ ಸರಿಯಾಗಿ ಬರಲಿಲ್ಲ. ಇದು ನನಗೆ ಬೇಸರದ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. 7 ಅಡಿ ಎತ್ತರ, 4 ಅಡಿ ಅಗಲದ ಬಾಗಿಲ ಚೌಕಟ್ಟು, ಹೊಸ್ತಿಲು ಸೇರಿ 22 ಅಡಿ ಉದ್ದ ಕಟ್ಟಿಗೆ. 5 ಇಂಚು 3 ಇಂಚಿನ ಕೊಯ್ತ ಅಂದರೆ 2.3 ಘನ ಅಡಿ. ನಾಲ್ಕು ಬಾಗಿಲು, 4 ಅಡಿ ಚೌಕದ ಆರು ಕಿಟಕಿ ಹಿಡಿದರೆ ಇಡೀ ಮನೆಗೆ ಸುಮಾರು 19 ಘನ ಅಡಿ. ನೆಲಕ್ಕೆ ತಾಗದ ಕಟ್ಟಿಗೆಗೆ ಒಂದು ಘನ ಮೀಟರಿಗೆ, ಅಂದರೆ 35 ಘನ ಅಡಿಗೆ, ಸುಮಾರು 4 ಕಿಲೋ ಸಿ.ಸಿ.ಎ. ಒಳಗೆ ಉಳಿಯಬೇಕು ಅನ್ನುತ್ತಾರೆ. ನೆಲದಲ್ಲಿ ಹೂಳುವುದಕ್ಕೆ 6ರಿಂದ 8 ಕಿಲೋ. ಹಾಗಾದರೆ ನಮ್ಮ ಮನೆಯ ಅಷ್ಟೂ ಚೌಕಟ್ಟಿಗೆ ಬೇಕಾದ ಔಷಧ ಎರಡು ಕಿಲೋ ಚಿಲ್ಲರೆ! ಔಷಧ ದುಬಾರಿ ಅಂತ ಹೇಳುವವರಿಗೆ ಈ ಲೆಕ್ಕ ತೋರಿಸಿರಿ. ಖರ್ಚು ಇರುವುದು ಅದನ್ನು ಒಳಗೆ ನೂಕುವ ಯಂತ್ರಕ್ಕೆ, ಸಾಗಣೆಗೆ.

ಎಲ್ಲ ಕಟ್ಟಿಗೆಯೂ ಸರಿಸಮನಾಗಿ ಕುಡಿಯುವುದಿಲ್ಲ. ಬಿಳಿ ಭಾಗ ಚೆನ್ನಾಗಿ ಕುಡಿಯುತ್ತದೆ, ಚೇಗು ಬಾಯಿ ಬಿಗಿದುಕೊಂಡಿರುತ್ತದೆ. ಪೈನ್ ಬಹಳ ಸಲೀಸಾಗಿ ಕುಡಿಯುತ್ತದೆ, ಉಪಚಾರ ಇಲ್ಲದಿದ್ದರೆ ಅಷ್ಟೇ ಬೇಗ ಹಾಳಾಗುತ್ತದೆ. ನೀಲಗಿರಿಯ ಹೊರಭಾಗ ಕುಡಿಯುತ್ತದೆ, ಒಳಗಿನದು ಬಿಗಿ. ಅದಕ್ಕೆ ನೀಲಗಿರಿ ಗಳವನ್ನು ಸೀಳದೆ ದುಂಡಗೆ ಇದ್ದಂತೆ ಉಪಚಾರ ಮಾಡಿಸುವುದು ಒಳ್ಳೆಯದು, ಸುತ್ತಲೂ ಔಷಧದ ಕವಚ ಆಗುತ್ತದೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಹಾಲು ಇಳಿಸಿ ಮುಗಿದ ರಬ್ಬರ್ ಮರ ಇರುತ್ತದೆ. ಹಾಗೇ ಬಿಟ್ಟರೆ ಬೂಷ್ಟು, ನುಸಿ ಹಿಡಿಯುವ ಕಟ್ಟಿಗೆ ಅದು. ಬೋರಾನ್ ಔಷಧ ತುಂಬಿದ ಮೇಲೆ ಬಾಗಿಲು, ಮೇಜು, ಕುರ್ಚಿ ಆಗುತ್ತದೆ. ಕೀಳು ಕಟ್ಟಿಗೆ ಅಂತ ನಾವು ಬಿಟ್ಟದ್ದು ಹೀಗೆ ಕೆಲಸಕ್ಕೆ ಬರುತ್ತದೆ, ಈ ವಿದ್ಯೆಯ ದೊಡ್ಡ ಲಾಭ ಇದೇ ಅಂತ ನನ್ನ ತಿಳಿವಳಿಕೆ.

ಎರಡು ವಿಷಯ ತಪ್ಪಿದರೆ ಸಿಲಿಂಡರಿಗೆ ಹಾಕಿದ್ದೂ ವ್ಯರ್ಥ. ಒಂದು, ಕಟ್ಟಿಗೆ ಒಣಗಿರಬೇಕು. ನೂರಕ್ಕೆ 25–30ಕ್ಕಿಂತ ಹೆಚ್ಚು ತೇವ ಇರಬಾರದು. ನೀರು ತುಂಬಿದ ಕೊಡಕ್ಕೆ ಹಾಲು ಹಿಡಿಸುವುದಿಲ್ಲ. ಎರಡು, ಕೊಯ್ಯುವುದು, ಕೂಟ ಕಡಿಯುವುದು, ತೂತು ಹಾಕುವುದು ಎಲ್ಲ ಮೊದಲೇ ಆಗಬೇಕು. ಬಡಿಗೇರರಿಗೆ ಇದನ್ನು ಕೂಡಿಸಿಕೊಂಡು ಹೇಳಬೇಕು, ಯಾಕಂದರೆ ಅವರ ರೂಢಿ ಹಾಗಿಲ್ಲ. ಉಪಚಾರ ಆದಮೇಲೆ ಕೊಯ್ದರೆ ಔಷಧ ಇಲ್ಲದ ನಡುಭಾಗ ಬೆತ್ತಲಾಗುತ್ತದೆ. ಅನಿವಾರ್ಯವಾಗಿ ಕೊಯ್ದರೆ ಆ ಬಾಯಿಗೆ ಎರಡು ಮೂರು ಸಲ ಔಷಧ ಕುಡಿಸಬೇಕು, ಬ್ರಷ್ಷಿನ ಕೆಲಸ ಅಲ್ಲಿ ಐತಿ ನೋಡ್ರಿ. ಸಿಲಿಂಡರಿನಿಂದ ಬಂದ ಕಟ್ಟಿಗೆಯನ್ನು ಮೂರು ನಾಲ್ಕು ವಾರ ನೆರಳಿನಲ್ಲಿ, ನಡುವೆ ಪಟ್ಟಿ ಕೊಟ್ಟು ಒಟ್ಟಿ ಇಡಬೇಕು. ಔಷಧ ನಾರಿಗೆ ಕಚ್ಚಿಕೊಳ್ಳಲು ಅಷ್ಟು ದಿವಸ ಬೇಕು.

ಇನ್ನು ಮೋಸದ ಮಾತು. ನಮ್ಮ ಸದಸ್ಯರೊಬ್ಬರು ಒಂದು ಅಡ್ಡೆಯಲ್ಲಿ ಹಸಿರು ಬಣ್ಣದ ಕಟ್ಟಿಗೆ ತಂದರು. "ಕೆಮಿಕಲ್ ಹಾಕಿದ್ದು, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೋದಿಲ್ಲ" ಅಂದಿದ್ದರಂತೆ. ಮೂರನೇ ಮಳೆಗಾಲಕ್ಕೆ ಹಿತ್ತಲ ಬಾಗಿಲು ಕೈಗೆ ಬಂತು. ಮುರಿದ ಚೌಕಟ್ಟು ನಾನೇ ನೋಡಿದೆ, ಹಸಿರು ಬಣ್ಣ ಉಗುರಿನಷ್ಟೂ ಒಳಗೆ ಇಳಿದಿರಲಿಲ್ಲ. ತಾಮ್ರದ ಔಷಧದಿಂದ ಕಟ್ಟಿಗೆಗೆ ಹಸಿರು ಛಾಯೆ ಬರುವುದು ನಿಜ, ಆದರೆ ಬಣ್ಣದ ನೀರಿನಲ್ಲಿ ಅದ್ದಿದರೂ ಹಸಿರಾಗುತ್ತದೆ. ಪರೀಕ್ಷೆ ಸುಲಭ ಐತಿ. ತುದಿ ನೋಡಿ ಒಪ್ಪಬ್ಯಾಡ್ರಿ. ತುದಿಯಿಂದ ಔಷಧ ಯಾವಾಗಲೂ ಹೆಚ್ಚು ಒಳಗೆ ಹೋಗುತ್ತದೆ. ಒಂದು ನಗವನ್ನು ನಟ್ಟನಡುವೆ ಕೊಯ್ಸಿ ನೋಡ್ರಿ. ಬಿಳಿ ಭಾಗದ ತುಂಬ ಛಾಯೆ ಇಳಿದಿರಬೇಕು. ಒಂದು ನಗ ಹಾಳಾಯಿತು ಅಂತ ಸಂಕೋಚ ಬೇಡ, ಕಿಟಕಿಯ ಅಡ್ಡಪಟ್ಟಿಗೆ ಬರುತ್ತದೆ. ಯಾವ ಔಷಧ, ಘನ ಮೀಟರಿಗೆ ಎಷ್ಟು ಕಿಲೋ ಉಳಿದಿದೆ, ಕಟ್ಟಿಗೆ ಸಂರಕ್ಷಣೆಯ ಭಾರತೀಯ ಮಾನಕ ಐ.ಎಸ್. 401ರ ಪ್ರಕಾರ ಇದೆಯೋ, ಈ ಮೂರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿರಿ.

ತಾಯಂದಿರು ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಬೇಕು. ಗೆದ್ದಲಿಗೆ ವಿಷ ಆದದ್ದು ಮನುಷ್ಯರಿಗೂ ವಿಷವೇ. ಆರ್ಸೆನಿಕ್ ಇರುವ ಸಿ.ಸಿ.ಎ. ಕಟ್ಟಿಗೆಯನ್ನು ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಮನೆಗಳ ಕೆಲಸದಿಂದ ಹಿಂದಕ್ಕೆ ತೆಗೆದರು. ಮಕ್ಕಳು ಆಡುವ ಜಾಗದಲ್ಲಿ ಕೈಗೆ ಹತ್ತಿ ಬಾಯಿಗೆ ಹೋಗುತ್ತದೆ ಅನ್ನುವ ಭಯ ಅದಕ್ಕೆ ಕಾರಣ. ಈಗ ಆರ್ಸೆನಿಕ್ ಇಲ್ಲದ ತಾಮ್ರದ ಔಷಧಗಳು ಬಂದಿವೆ, ಎ.ಸಿ.ಕ್ಯೂ. ಅನ್ನುವುದು ಅದರಲ್ಲೊಂದು. ತಾಮ್ರ, ಕ್ರೋಮಿಯಂ, ಬೋರಾನ್ ಕೂಡಿಸಿದ ಸಿ.ಸಿ.ಬಿ. ಸಹ ಇದೆ. ವಾಸದ ಮನೆಯೊಳಗೆ ಸಿ.ಸಿ.ಎ. ಬೇಡ, ಹೊಲದ ಬೇಲಿ ಗೂಟಕ್ಕೆ ಇರಲಿ, ಇದು ನನ್ನ ಅಭಿಪ್ರಾಯ. ಎ.ಸಿ.ಕ್ಯೂ. ಬಳಸುವವರು ಸಾದಾ ಕಬ್ಬಿಣದ ಮೊಳೆ ಹೊಡೆಯಬಾರದು, ತಾಮ್ರ ಅದನ್ನು ತಿಂದು ಹಾಕುತ್ತದೆ. ಸತುವಿನ ಲೇಪ ದಪ್ಪಗಿರುವ ಮೊಳೆ, ತಿರುಪು ತರಬೇಕು.

ಯಾವ ಔಷಧ ತುಂಬಿದ್ದೇ ಇರಲಿ, ಅದರ ತುಂಡು, ಚಕ್ಕೆ, ಹೊಟ್ಟು ಒಲೆಗೆ ಹೋಗಬಾರದು. ಮನೆ ಕೆಲಸ ನಡೆದಾಗ ಬಡಿಗೇರ ಬಿಟ್ಟ ಚಕ್ಕೆಯನ್ನು ಬುಟ್ಟಿ ತುಂಬಿ ಒಯ್ದು ನೀರೊಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಸಿ.ಸಿ.ಎ. ಕಟ್ಟಿಗೆ ಸುಟ್ಟರೆ ಹೊಗೆಯಲ್ಲಿ ಪಾಷಾಣ, ಬೂದಿಯಲ್ಲಿ ಪಾಷಾಣ. ಆ ಬೂದಿಯಿಂದ ಪಾತ್ರೆ ತಿಕ್ಕಿದರೆ, ತಿಪ್ಪೆಗೆ ಹಾಕಿ ಹೊಲಕ್ಕೆ ಹೊಡೆದರೆ ಏನಾದೀತು ನೀವೇ ಎಣಿಸಿರಿ. ಹೊಟ್ಟನ್ನು ದನದ ಕೆಳಗೆ ಹಾಸಬಾರದು. ಗ್ವಾದಲಿ, ಕಾಳಿನ ಪೆಟ್ಟಿಗೆ, ರೊಟ್ಟಿ ಬಡಿಯುವ ಹಲಗೆಗೆ ಈ ಕಟ್ಟಿಗೆ ಬರಲೇಬಾರದು. ಕೊಯ್ಯುವವರು ಮೂಗು ಬಾಯಿಗೆ ವಸ್ತ್ರ ಕಟ್ಟಿ ಬಯಲಲ್ಲಿ ಕೊಯ್ಯಬೇಕು, ಕೈ ತೊಳೆದು ಊಟ ಮಾಡಬೇಕು. ಉಳಿದ ಚಕ್ಕೆಯನ್ನು ಬಾವಿ, ಹಳ್ಳದಿಂದ ದೂರ ಇಟ್ಟು, ಮಾರಿದವರಿಗೇ ಹಿಂದಕ್ಕೆ ಒಯ್ಯಲು ಮೊದಲೇ ಮಾತಾಡಿಕೊಳ್ಳಬೇಕು. ಹಳೇ ರೈಲ್ವೆ ಸ್ಲೀಪರ್ ಸಿಕ್ಕರೆ ಮನೆಯೊಳಗೆ ತೊಲೆ ಮಾಡುವ ಆಸೆ ಬೇಡ. ಕ್ರಿಯೋಸೋಟ್ ಬಿಸಿಲಿಗೆ ಈಗಲೂ ಬೆವರುತ್ತದೆ, ಮೈಗೆ ತಾಗಿದರೆ ಚರ್ಮ ಉರಿಯುತ್ತದೆ. ಅದನ್ನೂ ಸುಡಬಾರದು.

ಸಿಲಿಂಡರ್ ಇಲ್ಲದೆ ನಾವೇ ಮಾಡಿಕೊಳ್ಳುವ ಒಂದು ಉಪಚಾರವೂ ಇದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ ಗೊತ್ತಲ್ಲ, ಬೋರಾಕ್ಸ್ ಅಂದರೆ ಅದೇ. 100 ಲೀಟರ್ ನೀರಿಗೆ 3 ಕಿಲೋ ಬಿಳಿಗಾರ, 2 ಕಿಲೋ ಬೋರಿಕ್ ಆಸಿಡ್ ಪುಡಿ ಕರಗಿಸಿ, ಬಿದಿರು ಗಳ, ತೆಳು ಪಟ್ಟಿಗಳನ್ನು ಒಂದು ವಾರ ಪೂರ್ತಿ ಮುಳುಗಿಸಿ ಇಟ್ಟು ನೆರಳಿಗೆ ಒಣಗಿಸಬೇಕು. ಬಿದಿರಿನ ಗಂಟುಗಳನ್ನು ಒಳಗಿಂದ ಸರಳು ಹಾಕಿ ತೂತು ಮಾಡಿರಬೇಕು. ಬೋರಾನ್ ಒದ್ದೆ ಕಟ್ಟಿಗೆಯಲ್ಲೂ ತಾನೇ ಹರಡಿಕೊಂಡು ಒಳಗೆ ಹೋಗುತ್ತದೆ, ಆದ್ದರಿಂದ ಇದಕ್ಕೆ ಹಸಿ ಕಟ್ಟಿಗೆ ನಡೆಯುತ್ತದೆ. ಆದರೆ ಹೋದ ದಾರಿಯಲ್ಲೇ ಮಳೆಗೆ ತೊಳೆದು ಹೊರಗೂ ಬರುತ್ತದೆ. ಮಳೆ ತಾಗದ, ನೆಲ ತಾಗದ ಒಳಗಿನ ಜಂತಿ, ಪಟ್ಟಿ, ಕಪಾಟಿಗೆ ಮಾತ್ರ ಇದು ಸರಿ. ಆ ನೀರನ್ನು ದನ, ಮಕ್ಕಳು ಕುಡಿಯದಂತೆ ಮುಚ್ಚಿ ಇಡಬೇಕು, ಹೊಲಕ್ಕೆ ಚೆಲ್ಲಬಾರದು, ಬೋರಾನ್ ಹೆಚ್ಚಾದರೆ ಬೆಳೆ ಸುಡುತ್ತದೆ.

ಔಷಧ ಎಷ್ಟೇ ತುಂಬಿಸಿದರೂ ಹಿರಿಯರ ಕಲ್ಲನ್ನು ಮರೆಯಬಾರದು. ಚೌಕಟ್ಟಿನ ಕಾಲನ್ನು ಫರಸಿಯೊಳಗೆ ಹೂಳುವ ಬದಲು ಒಂದು ತುಂಡು ಶಹಾಬಾದ ಕಲ್ಲಿನ ಮೇಲೆ ನಿಲ್ಲಿಸಿರಿ, ಗೌಂಡಿಗೆ ಐದು ನಿಮಿಷದ ಕೆಲಸ. ಬಚ್ಚಲ ಗ್ವಾಡಿಗೆ ತಾಗಿದ ಚೌಕಟ್ಟಿಗಂತೂ ಕಲ್ಲಿನದು ಇಲ್ಲವೆ ಸಿಮೆಂಟಿನದು ವಾಸಿ, ಅಲ್ಲಿ ಕಟ್ಟಿಗೆಯ ಹಟ ಬೇಡ. ನಿಮ್ಮ ಸ್ವಂತ ಹೊಲದ ಮರವಾದರೂ ಕಡಿಯುವ ಮುಂಚೆ, ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ.

ಕೊನೆಯದಾಗಿ ಸಂಘದ ಮಾತು. ಒಬ್ಬರ ಮನೆಯ 19 ಘನ ಅಡಿ ಕಟ್ಟಿಗೆಗೆ ದೂರದ ಸಿಲಿಂಡರಿನವರು ಬಾಗಿಲು ತೆರೆಯುವುದಿಲ್ಲ, ತೆರೆದರೂ ಬಾಡಿಗೆಯೇ ಕಟ್ಟಿಗೆಯ ಬೆಲೆ ದಾಟುತ್ತದೆ. ಹತ್ತು ಮನೆ ಕೂಡಿದರೆ 190 ಘನ ಅಡಿ, ಒಂದು ಸಣ್ಣ ಲಾರಿಯ ಲೋಡು. ಗೊಬ್ಬರ ಕೂಡಿ ತರಿಸುವ ನಮಗೆ ಇದು ಹೊಸದಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ನಮ್ಮ ಜಾಲಿಗೆ, ಬೇವಿಗೆ, ನೀಲಗಿರಿಗೆ ಯಾವ ಔಷಧ, ಎಷ್ಟು ಪ್ರಮಾಣ ಅಂತ ಸಂಘದ ಹೆಸರಿನಲ್ಲಿ ಅವರಿಗೆ ಪತ್ರ ಬರೆದು ಕೇಳೋಣ ಅಂತ ಆಡಳಿತ ಮಂಡಳಿಯ ಮುಂದೆ ಸೂಚನೆ ಇಡುತ್ತಿದ್ದೇನೆ. ಮನೆ ಸಾಲದ ಅರ್ಜಿಯಲ್ಲಿ ಕಟ್ಟಿಗೆಯ ಬಿಲ್ಲು ನೋಡುವಾಗ ಉಪಚಾರದ ವಿವರವನ್ನೂ ಕೇಳಬೇಕು ಅನ್ನುವುದು ಇನ್ನೊಂದು ಸೂಚನೆ. ಇದಕ್ಕೆ ಕೆಲವರು ವಿರೋಧ ಮಾಡಬಹುದು, ಮಾಡಲಿ, ಸಭೆಯಲ್ಲಿ ಚರ್ಚೆ ಆಗಲಿ.

ಈ ವರ್ಷ ದೀಪಾವಳಿ ಆದಮೇಲೆ ಮನೆ ಕೆಲಸ ಹಿಡಿಯುವವರು ಬಾಗಿಲು, ಕಿಟಕಿಯ ಅಳತೆ, ಯಾವ ಕಟ್ಟಿಗೆ, ಕಡಿದು ಎಷ್ಟು ತಿಂಗಳಾಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳ ಹತ್ತಿರ ಕೊಡ್ರಿ. ಹತ್ತು ಚೀಟಿ ಕೂಡಿದ ದಿವಸ ಲಾರಿ ಮಾತಾಡೋಣ.